ಮನೆಮಂದೀನೆಲ್ಲ ಹೋಟ್ಲಿಗೆ ಕರ್ಕೊಂಡ್ ಹೋಗೋದು: ಚಿಕ್ಕಮಗಳೂರಲ್ಲಿ ನನ್ನ ಅನುಭವ

ನಮ್ಮನೇಲಿ ಹೊರಗಡೆ ಊಟಕ್ಕೆ ಹೋಗೋದು ಅಂದ್ರೆ ಅದರ ಉಸ್ತುವಾರಿ ಪೂರ್ತಿ ನಂದು. ಯಾರೂ ವಹಿಸಿದ್ದಲ್ಲ, ತಾನಾಗೇ ತಲೆ ಮೇಲೆ ಬಂತು. ಅತ್ತೆ ಮಾವ ಕಡೂರು ಕಡೆಯವ್ರು, ನನ್ನ ತವರು ಮೂಡಿಗೆರೆ ಹತ್ರ, ನಾವಿರೋದು ಚಿಕ್ಕಮಗಳೂರು ಟೌನಲ್ಲಿ, ಹಂಗಾಗಿ ಆಸ್ಪತ್ರೆ, ಬ್ಯಾಂಕು, ಮದುವೆ ಬಟ್ಟೆ ಅಂತ ಎರಡೂ ಕಡೆಯವ್ರು ಬಂದಾಗ ಎಲ್ರೂ ಸೇರೋದು ನಮ್ಮನೇಲೇ, ಸೇರಿದ್ಮೇಲೆ "ಇಷ್ಟು ಜನಕ್ಕೆ ಇವತ್ತು ಅಡುಗೆ ಬೇಡ, ಹೊರಗಡೆ ಹೋಗೋಣ" ಅಂತ ಯಾರಾದ್ರೂ ಒಬ್ರು ಅಂದೇ ಅಂತಾರೆ.

ಜಿಲ್ಲೆ ಒಂದೇ, ಊಟ ಮಾತ್ರ ಎರಡು. ಕಡೂರು, ಅಜ್ಜಂಪುರದ ಕಡೆ ಬಯಲುಸೀಮೆ, ಅಲ್ಲಿಯವ್ರಿಗೆ ಮುದ್ದೆ ಇಲ್ದೆ ರಾತ್ರಿ ಊಟ ಆಯ್ತು ಅನ್ಸಲ್ಲ. ಮೂಡಿಗೆರೆ, ಕೊಪ್ಪದ ಕಡೆ ಮಲ್ನಾಡು, ನಮ್ಮಪ್ಪಂಗೆ ಅಕ್ಕಿ ರೊಟ್ಟಿ, ಕಡುಬು, ಕೋಳಿ ಸಾರು ಇದ್ರೆ ಸಾಕು, ಮುದ್ದೆ ಮುಂದಿಟ್ರೆ ಚಮಚ ಕೇಳ್ತಾರೆ, ಅದನ್ನ ನೋಡಿ ನಮ್ಮತ್ತೆ ಸೆರಗಲ್ಲಿ ಬಾಯಿ ಮುಚ್ಕೊಂಡು ನಗ್ತಾರೆ. ಮಕ್ಕಳಿಗೆ ಇವೆರಡೂ ಬೇಡ, ಗೋಬಿ ಮಂಚೂರಿ, ನೂಡಲ್ಸು. ಇಷ್ಟೂ ಜನನ್ನ ಒಂದೇ ಟೇಬಲ್ಲಲ್ಲಿ ಕೂರಿಸಿ ಜಗಳ ಇಲ್ದೆ ಎಬ್ಬಿಸ್ಕೊಂಡ್ ಬರ್ಬೇಕು. ಮಾಡ್ತಾ ಮಾಡ್ತಾ ನಂಗೆ ಗೊತ್ತಾಗಿರೋದು ಏನಂದ್ರೆ ಯಾವ ಹೋಟ್ಲು ಅನ್ನೋದು ಕೊನೇ ಪ್ರಶ್ನೆ, ಯಾವ ವಾರ, ಎಷ್ಟೊತ್ತಿಗೆ, ಯಾರ್ ಯಾರ್ ಬರ್ತಾರೆ, ಇದು ಮೂರು ಸರಿ ಇದ್ರೆ ಸಾಧಾರಣ ಹೋಟ್ಲಲ್ಲೂ ಊಟ ಚೆನ್ನಾಗೇ ಆಗುತ್ತೆ.

ವಾರದ ವಿಷ್ಯ ನಮ್ಮೂರಲ್ಲಿ ಬಾಳ ಮುಖ್ಯ. ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಾಯಂಕಾಲದವರೆಗೆ ಊರು ನಮ್ದಲ್ಲ, ಬೆಂಗಳೂರಿಂದ ಮುಳ್ಳಯ್ಯನಗಿರಿ ನೋಡೋಕೆ ಬಂದಿರೋ ಕಾರುಗಳೇ ಐ.ಜಿ. ರೋಡು ಎಂ.ಜಿ. ರೋಡು ತುಂಬ, ಸುಮಾರಾಗಿ ಹೆಸರಿರೋ ಹೋಟ್ಲಲ್ಲೆಲ್ಲ ಬಾಗಿಲಲ್ಲೇ ಕ್ಯೂ, ಸಪ್ಲೈಯರ್ ಹುಡುಗ್ರಿಗೆ ಮುಖ ಎತ್ತಿ ನೋಡೋಕೂ ಪುರುಸೊತ್ತಿರಲ್ಲ. ಅವ್ರು ಬರ್ಲಿ, ಊರಿಗೆ ದುಡ್ಡು ಬರುತ್ತೆ, ಆದ್ರೆ ಎಂಬತ್ತು ದಾಟಿರೋ ಮಾವನ್ನ ನಿಲ್ಲಿಸ್ಕೊಂಡು "ಅವ್ರದ್ದು ಕೈ ತೊಳೆಯೋದಾಯ್ತಾ" ಅಂತ ಬೇರೆಯವರ ಎಲೆ ನೋಡ್ತಾ ನಿಲ್ಲೋದು ನನ್ನ ಕೈಲಾಗಲ್ಲ. ಭಾನುವಾರ ರಾತ್ರಿ ಟೂರಿಸ್ಟ್ ಎಲ್ಲ ಹೋಗಿ ಊರು ಖಾಲಿ ಇರುತ್ತೆ ನಿಜ, ಆದ್ರೆ ಆವತ್ತು ಅಡುಗೆಮನೆಯವ್ರು ಸುಸ್ತಾಗಿರ್ತಾರೆ, ಅರ್ಧ ಐಟಂ "ಖಾಲಿ ಮೇಡಂ". ಸೋಮವಾರ ಅತ್ತೆ ಮಾಂಸ ಮುಟ್ಟಲ್ಲ, ಶನಿವಾರ ಮಾವ ಮುಟ್ಟಲ್ಲ, ಶ್ರಾವಣದಲ್ಲಂತೂ ಇಡೀ ಮನೇನೇ ಇಲ್ಲ. ಕಳೆದು ಕೂಡಿಸಿ ನಮ್ಗೆ ಉಳಿಯೋದು ಬುಧವಾರ, ಇಲ್ಲಾಂದ್ರೆ ಗುರುವಾರ. ಕೆಲವು ಹಳೇ ಹೋಟ್ಲುಗಳಿಗೆ ವಾರದಲ್ಲಿ ಒಂದಿನ ರಜಾ ಇರುತ್ತೆ, ಅದಕ್ಕೆ ಬೆಳಗ್ಗೇನೇ ಫೋನ್ ಮಾಡಿ ಕೇಳ್ಬಿಡ್ತೀನಿ.

ಕಾಫಿ ಕುಯ್ಲಿನ ಟೈಮಲ್ಲಿ, ಅಂದ್ರೆ ಡಿಸೆಂಬರಿಂದ ಫೆಬ್ರವರಿವರೆಗೆ, ತವರಿನವ್ರನ್ನ ಕರೆಯೋದೇ ಇಲ್ಲ. ಕರೆದ್ರೂ ಬರಲ್ಲ, ಬಂದ್ರೂ ಅಪ್ಪನ ತಲೆ ಪೂರ್ತಿ ಕಣದಲ್ಲಿ ಒಣಗ್ತಿರೋ ಕಾಫಿ ಮೇಲಿರುತ್ತೆ, ಮೋಡ ಕಂಡ್ರೆ ಅರ್ಧ ಊಟಕ್ಕೆ ಎದ್ದೇಳ್ತಾರೆ. ಕುಯ್ಲು ಮುಗ್ದು ಮೆಣಸೂ ಇಳಿದ್ಮೇಲೆ ಕರೀಬೇಕು, ಆಗ ಕೈಲಿ ದುಡ್ಡೂ ಇರುತ್ತೆ, ಬಿಲ್ ಕೊಡೋಕೆ ಅವ್ರೇ ಮುಂದೆ ಬರ್ತಾರೆ.

ಟೈಮು ಏಳು ಗಂಟೆ. ಎಂಟೂವರೆಗೆ ಹೋದ್ರೆ ಫ್ಯಾಷನ್ನು, ಏಳಕ್ಕೆ ಹೋದ್ರೆ ಊಟ, ಅಷ್ಟೇ ವ್ಯತ್ಯಾಸ. ಆ ಹೊತ್ತಿಗೆ ಒಲೆ ಆಗಷ್ಟೇ ಬಿಸಿಯಾಗಿರುತ್ತೆ, ಸಾರು ಆಗ ತಾನೇ ಇಳಿಸಿರ್ತಾರೆ, ಮೂರು ಟೇಬಲ್ ಜೋಡಿಸ್ಕೊಡಿ ಅಂದ್ರೆ ಬೇಜಾರಿಲ್ದೆ ಜೋಡಿಸ್ಕೊಡ್ತಾರೆ. ಮಾವಂಗೆ ಶುಗರ್ ಇದೆ, ಊಟ ಲೇಟಾದ್ರೆ ಕೈ ನಡುಗುತ್ತೆ, ಅದಕ್ಕೆ ನಾನು ಕೂತ ತಕ್ಷಣ ಮೆನು ಕೇಳೋ ಮುಂಚೆ ಅವ್ರಿಗೆ ಅಂತ ಒಂದ್ ಪ್ಲೇಟ್ ಇಡ್ಲಿನೋ ಏನ್ ರೆಡಿ ಇದ್ಯೋ ಅದನ್ನ ಹೇಳ್ಬಿಡ್ತೀನಿ, ಬ್ಯಾಗಲ್ಲಿ ಒಂದು ಬಾಳೆಹಣ್ಣೂ ಇರುತ್ತೆ.

ಹೊಸ ಜಾಗ ಆದ್ರೆ ನಮ್ಮನೆಯವ್ರನ್ನ ಮುಂಚೆ ಒಂದ್ಸಲ ಟೀ ಕುಡಿಯೋ ನೆಪದಲ್ಲಿ ಕಳಿಸ್ತೀನಿ, ನೋಡ್ಕೊಂಡ್ ಬರೋದು ರುಚಿ ಅಲ್ಲ, ಮೆಟ್ಲು. ನಮ್ಮೂರಲ್ಲಿ ಎಷ್ಟೋ ಕಡೆ "ಫ್ಯಾಮಿಲಿ ಹಾಲ್ ಮೇಲಿದೆ ಸಾರ್" ಅಂತಾರೆ, ಆ ಮೇಲೆ ಅನ್ನೋದು ಕಡಿದಾದ ಮೆಟ್ಲು, ಮಂಡಿ ನೋವಿರೋ ಅತ್ತೆ ಹತ್ತೋಷ್ಟರಲ್ಲಿ ಮುಖ ಬಾಡಿರುತ್ತೆ. ವೆಸ್ಟರ್ನ್ ಟಾಯ್ಲೆಟ್ ಇದ್ಯಾ, ಬಾಗಿಲ ಹತ್ರ ಕಾರ್ ನಿಲ್ಲಿಸ್ಬೋದಾ, ಅದೂ ನೋಡ್ಬೇಕು. ಇದನ್ನ ಹೇಳಿದ್ರೆ ನನ್ನ ನಾದಿನಿ "ಅತ್ತಿಗೆ, ನೀವು ಊಟಕ್ಕೆ ಹೋಗ್ತಿದೀರೋ ಇನ್ಸ್‌ಪೆಕ್ಷನ್ನಿಗೋ" ಅಂತಾಳೆ. ಅಂದ್ಕೊಳ್ಲಿ.

ಈಗ ಆರ್ಡರ್ ಮಾಡೋದು, ಇದ್ರಲ್ಲೇ ಇರೋದು ಎಲ್ಲ. ಹನ್ನೆರಡು ಜನ ಒಟ್ಟಿಗೆ ಬಾಯಿಗೆ ಬಂದಿದ್ದು ಹೇಳಿದ್ರೆ ಹುಡುಗ ಬರ್ಕೊಳ್ಳೋದು ಒಂದು, ಬರೋದು ಇನ್ನೊಂದು, ಅದೂ ಒಬ್ರದ್ದು ಮುಗ್ದ ಮೇಲೆ ಇನ್ನೊಬ್ರದ್ದು. ನಾನು ಎಲ್ರನ್ನೂ ಕೇಳಿ ಫೋನಲ್ಲಿ ಬರ್ಕೊಂಡು ಒಬ್ಳೇ ಹೇಳ್ತೀನಿ, ಒಂದೇ ಸಲಕ್ಕೆ ಎಲ್ಲಾನೂ ಹೇಳಲ್ಲ. ಮೊದಲ್ನೇ ಸುತ್ತು ಮಕ್ಕಳದ್ದು ಮತ್ತೆ ನಂಜ್ಕೊಳ್ಳೋಕೆ ಏನಾದ್ರೂ, ಕಬಾಬು, ಮೆಣಸಿನ ಚಿಕನ್ನು, ಯಾಕಂದ್ರೆ ಮಕ್ಕಳ ಹೊಟ್ಟೆ ತುಂಬಿದ್ರೆ ದೊಡ್ಡೋರು ನೆಮ್ಮದಿಯಾಗಿ ತಿಂತಾರೆ. ಎರಡನೇ ಸುತ್ತಿಗೆ ಸಾರು. ಸಾರು ಟೇಬಲ್ಲಿಗೆ ಬಂದ ಮೇಲೇ ಮುದ್ದೆ, ರೊಟ್ಟಿ. ಮುದ್ದೆ ಮೊದ್ಲು ಬಂದು ಸಾರು ಆಮೇಲೆ ಬಂದ್ರೆ ಮುದ್ದೆ ಮೇಲೆ ಪದರ ಕಟ್ಟಿ ಗಂಟಲಲ್ಲಿ ಇಳಿಯಲ್ಲ, ಅತ್ತೆ ಏನೂ ಹೇಳಲ್ಲ, ಸುಮ್ನೆ ಪಕ್ಕಕ್ಕೆ ತಳ್ತಾರೆ, ಅದು ಬೈದಿದ್ದಕ್ಕಿಂತ ಕೆಟ್ಟದು. ರೊಟ್ಟೀನೂ ಅಷ್ಟೇ, ಇಬ್ಬರಿಗೊಂದರಂತೆ ಬಿಸಿಬಿಸಿ ಬರ್ತಾ ಇರ್ಲಿ ಅಂತ ಹೇಳ್ಬೇಕು, ಹತ್ತು ರೊಟ್ಟಿ ಒಟ್ಟಿಗೆ ಹೇಳಿದ್ರೆ ಕೊನೇ ಐದು ಚರ್ಮ ಆಗಿರುತ್ತೆ.

ಅಕ್ಕಿ ರೊಟ್ಟಿ ಅಂತ ಬೋರ್ಡ್ ನೋಡಿ ಒಳಗೆ ಹೋಗ್ಬೇಡಿ, ಕೇಳಿ. ಮಲ್ನಾಡಿನ ರೊಟ್ಟಿ ಅಂದ್ರೆ ಕುದಿಯೋ ನೀರಿಗೆ ಅಕ್ಕಿ ಹಿಟ್ಟು ಹಾಕಿ ಉಕ್ಕರಿಸಿ, ಬಿಸಿ ಇರೋವಾಗ್ಲೇ ನಾದಿ, ತೆಳ್ಳಗೆ ಮಾಡಿ ಕೆಂಡದ ಮೇಲೆ ಉಬ್ಬಿಸೋದು, ಬೆಳ್ಳಗೆ ಮೆತ್ತಗೆ ಇರುತ್ತೆ, ಒಳಗೆ ಏನೂ ಇರಲ್ಲ, ಸಾರಿಗೆ ಅದೇ ಸರಿ. ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸು ಹಾಕಿ ಕಾವಲಿ ಮೇಲೆ ತಟ್ಟೋದು ಬೆಂಗಳೂರು ಮೈಸೂರು ಕಡೇದು, ಅದು ತಿಂಡಿ, ಚಟ್ನಿ ಜೊತೆ ತಿನ್ನೋದು. ಎರಡೂ ಚೆನ್ನಾಗೇ ಇರುತ್ತೆ, ಆದ್ರೆ ನಮ್ಮಪ್ಪ ಒಂದನ್ನ ನೆನೆಸ್ಕೊಂಡು ಇನ್ನೊಂದು ಬಂದ್ರೆ ಆ ಸಂಜೆ ಮುಗೀತು. ಕಡುಬು ಇನ್ನೂ ಕಷ್ಟ, ಅಕ್ಕಿ ತರಿ ಬೇಯಿಸಿ ಉಂಡೆ ಕಟ್ಟಿ ಮತ್ತೆ ಹಬೆಯಲ್ಲಿ ಬೇಯಿಸ್ಬೇಕಲ್ಲ, ಹೋಗಿ ಕೂತು ಕೇಳಿದ್ರೆ ಎಲ್ಲಿ ಸಿಗುತ್ತೆ. ಸಣ್ಣ ಊಟದ ಹೋಟ್ಲವ್ರಿಗೆ ಮಧ್ಯಾಹ್ನ ಫೋನ್ ಮಾಡಿ "ರಾತ್ರಿಗೆ ಇಷ್ಟು ಕಡುಬು ಬೇಕು, ನಾಟಿ ಕೋಳಿ ಸಾರು ಬೇಕು" ಅಂದ್ರೆ ಮಾಡಿಡ್ತಾರೆ. ನಾಟಿ ಕೋಳಿ ಬೇಯೋಕೆ ಟೈಮ್ ಬೇಕು, ಆರ್ಡರ್ ಕೊಟ್ಟು ಹತ್ತೇ ನಿಮಿಷದಲ್ಲಿ ನಾಟಿ ಕೋಳಿ ಬಂದ್ರೆ ಅದು ಬೆಳಗ್ಗೆದು, ಇಲ್ಲಾ ನಾಟಿ ಅಲ್ಲ. ಜೂನ್ ಜುಲೈ ಮಳೇಲಿ ಕಳಲೆ, ಕೆಸುವಿನ ಪತ್ರೊಡೆ ಇದ್ಯಾ ಅಂತಾನೂ ಕೇಳಿ ನೋಡಿ, ಮೆನುವಲ್ಲಿ ಇರಲ್ಲ, ಕೆಲವು ಕಡೆ ಒಳಗೆ ಇರುತ್ತೆ.

ಗೋಬಿ ವಿಷ್ಯಕ್ಕೆ ನಾನು ಸ್ವಲ್ಪ ಸ್ಟ್ರಿಕ್ಟು. 2024ರ ಮಾರ್ಚಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ಬ್ಯಾನ್ ಮಾಡ್ತು, ಬಾಂಬೆ ಮಿಠಾಯಿಲಿ ರೋಡಮೈನ್-ಬಿ ಅನ್ನೋ ಬಟ್ಟೆಗೆ ಹಾಕೋ ಬಣ್ಣ ಸಿಕ್ಕಿತ್ತಲ್ಲ ಆವಾಗ್ಲೇ, ಅದೇ ವರ್ಷ ಜೂನಲ್ಲಿ ಕಬಾಬಿಗೂ ಬಂತು. ಬಣ್ಣ ಇಲ್ದಿರೋ ಗೋಬಿ ಸ್ವಲ್ಪ ಕಂದು ಬಣ್ಣಕ್ಕೆ, ಮಂಕಾಗೇ ಇರುತ್ತೆ. ತಿಂದ ಬೆರಳು ಕೆಂಪಗಾಗಿ ಸೋಪು ಹಾಕಿದ್ರೂ ಹೋಗ್ಲಿಲ್ಲ ಅಂದ್ರೆ ಮಕ್ಕಳನ್ನ ಆ ಕಡೆ ಇನ್ನೊಂದ್ಸಲ ಕರ್ಕೊಂಡ್ ಹೋಗಲ್ಲ. ಬೆಳಗ್ಗೆ ತಿಂಡಿಗೆ ಹೋದಾಗ ಇಡ್ಲಿ ತಟ್ಟೆಗೆ ಬಟ್ಟೆ ಹಾಕ್ತೀರಾ ಪ್ಲಾಸ್ಟಿಕ್ಕಾ ಅಂತಾನೂ ಕೇಳ್ತೀನಿ, 2025ರಲ್ಲಿ ಆ ಪ್ಲಾಸ್ಟಿಕ್ ಹಾಳೆ ಬೇಡ ಅಂತ ಆರೋಗ್ಯ ಇಲಾಖೆಯವ್ರು ಹೇಳಿದ ಮೇಲೆ ಬಾಳ ಜನ ಬಟ್ಟೆಗೆ ವಾಪಸ್ ಬಂದಿದ್ದಾರೆ, ಕೇಳಿದ್ರೆ ಯಾರೂ ಬೇಜಾರ್ ಮಾಡ್ಕೊಳಲ್ಲ.

ತಿಂಡಿ ಅಂದ್ರೆ ನಮ್ಮೂರಲ್ಲಿ ದೋಸೆ. ಟೌನ್ ಕ್ಯಾಂಟೀನ್ ಮಸಾಲೆ ದೋಸೆಗೆ ಕಾಯೋದು ಅಂದ್ರೆ ಅದು ಬೇರೆ ಥರ, ಅಲ್ಲಿ ದೊಡ್ಡ ಗುಂಪು ಕರ್ಕೊಂಡ್ ಹೋಗ್ಬಾರ್ದು, ಇಬ್ರೋ ಮೂರು ಜನಾನೋ ಹೋಗಿ, ಸಿಕ್ಕ ಕುರ್ಚೀಲಿ ಕೂತು ತಿಂದು ಎದ್ದು ಬರ್ಬೇಕು. ಅಲ್ಲಿ ಹೋಗಿ ಮೂರು ಟೇಬಲ್ ಜೋಡಿಸಿ ಅಂತ ಕೇಳೋದು ತಪ್ಪು.

ಫ್ರೆಂಡ್ಸ್ ಜೊತೆ ಹೋಗೋದು ಇದಕ್ಕಿಂತ ಸುಲಭ ಅನ್ಕೊಂಡ್ರೆ ಅಲ್ಲ. ವಾಟ್ಸಾಪ್ ಗ್ರೂಪಲ್ಲಿ ಪೋಲ್ ಹಾಕಿದ್ರೆ ಹದಿನೈದಿನ ಆದ್ರೂ ತೀರ್ಮಾನ ಆಗಲ್ಲ, "ಎಲ್ಲಾದ್ರೂ ಸರಿ" ಅಂತ ಹಾಕೋರೇ ಆಮೇಲೆ "ಅಯ್ಯೋ ಅಲ್ಲಾ" ಅನ್ನೋದು. ನಾನೀಗ ಜಾಗ, ದಿನ, ಟೈಮ್ ನಾನೇ ಹಾಕಿ "ಬರೋರು ಬನ್ನಿ" ಅಂತೀನಿ, ಹಂಗೆ ಹಾಕಿದ್ಮೇಲೇ ಜನ ಜಾಸ್ತಿ ಬರ್ತಿರೋದು. ಇನ್ನೊಂದು, ನಮ್ಮ ಗುಂಪಲ್ಲಿ ಬರೀ ವೆಜ್ ತಿನ್ನೋರು ಇಬ್ರಿದ್ದಾರೆ, ಬಿಲ್ಲನ್ನ ಸಮ ಸಮ ಹಂಚಿದ್ರೆ ಅನ್ನ ಸಾರು ತಿಂದೋರು ಬೇರೆಯವರ ಮಟನ್ನಿಗೆ ದುಡ್ಡು ಕೊಟ್ಟಂಗಾಗುತ್ತೆ, ಬಾಯಿಬಿಟ್ಟು ಹೇಳಲ್ಲ, ಮುಂದಿನ ಸಲ "ಕೆಲಸ ಇದೆ ಕಣೇ" ಅಂತಾರೆ. ಅದಕ್ಕೆ ಕೂರೋವಾಗ್ಲೇ ಎರಡು ಬಿಲ್ ಮಾಡಿ ಅಂತ ಹೇಳ್ತೀವಿ. ಒಬ್ರು ಕೊಟ್ಟು ಉಳಿದೋರು ಅಲ್ಲೇ ಕೂತಲ್ಲೇ ಫೋನ್‌ಪೇ ಮಾಡ್ಬೇಕು, ಮನೆಗೋಗಿ ಮಾಡ್ತೀನಿ ಅಂದಿದ್ದು ಬರಲ್ಲ.

ಬಿಲ್ ಬಂದಾಗ ಓದ್ರಿ. ಸಾಮಾನ್ಯ ಹೋಟ್ಲಲ್ಲಿ ಜಿಎಸ್‌ಟಿ 5 ಪರ್ಸೆಂಟು, ಎರಡೂವರೆ ಕೇಂದ್ರದ್ದು, ಎರಡೂವರೆ ರಾಜ್ಯದ್ದು ಅಂತ ಎರಡು ಸಾಲಲ್ಲಿ ಇರುತ್ತೆ, ಎಸಿ ಇದ್ರೂ ಅಷ್ಟೇ ಇಲ್ದಿದ್ರೂ ಅಷ್ಟೇ. 2,000 ರೂಪಾಯಿ ಊಟಕ್ಕೆ 100 ರೂಪಾಯಿ. ದಿನಕ್ಕೆ 7,500ಕ್ಕಿಂತ ಜಾಸ್ತಿ ರೂಮ್ ಬಾಡಿಗೆ ಇರೋ ರೆಸಾರ್ಟ್ ಒಳಗಡೆ ಊಟ ಮಾಡಿದ್ರೆ 18 ಪರ್ಸೆಂಟು, ನಮ್ಮೂರ ಸುತ್ತ ಅಂಥವು ಬೇಕಾದಷ್ಟಿವೆ, ಬರ್ತ್‌ಡೇ ಅಂತ ಬಫೆಗೆ ಹೋಗೋ ಮುಂಚೆ ಟ್ಯಾಕ್ಸ್ ಸೇರಿ ಎಷ್ಟು ಅಂತ ಕೇಳ್ಕೊಳ್ಳಿ. ಸಣ್ಣ ಹೋಟ್ಲುಗಳು ಕಾಂಪೊಸಿಷನ್ ಸ್ಕೀಮಲ್ಲಿ, ಅಂದ್ರೆ ಒಟ್ಟು ವ್ಯಾಪಾರದ ಮೇಲೆ ಇಷ್ಟು ಅಂತ ಟ್ಯಾಕ್ಸನ್ನ ತಾವೇ ಕಟ್ಟೋ ವ್ಯವಸ್ಥೇಲಿ ಇದ್ರೆ ಗಿರಾಕಿ ಹತ್ರ ಟ್ಯಾಕ್ಸ್ ತಗೊಳ್ಳೋ ಹಂಗೇ ಇಲ್ಲ, ಬಿಲ್ಲಲ್ಲೇ ಹಂಗಂತ ಬರೆದಿರ್ಬೇಕು.

ಸರ್ವಿಸ್ ಚಾರ್ಜ್ ಬೇರೆ ಕಥೆ. ಒಂದ್ ಕಡೆ ನಮ್ಗೆ ಕೇಳ್ದೆನೇ ಹತ್ತು ಪರ್ಸೆಂಟ್ ಸೇರಿಸಿದ್ರು, ನಮ್ಮನೆಯವ್ರು "ಹೋಗ್ಲಿ ಬಿಡು" ಅಂದ್ರು, ನಾನ್ ಬಿಡ್ಲಿಲ್ಲ. ತಾವಾಗೇ ಸೇರಿಸೋ ಹಂಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಅದನ್ನ ಎತ್ತಿ ಹಿಡೀತು. ಗಲ್ಲಾ ಹತ್ರ ಹೋಗಿ ಮೆಲ್ಲಗೆ "ಅಣ್ಣ, ಇದನ್ನ ತೆಗೆದು ಬೇರೆ ಬಿಲ್ ಕೊಡಿ" ಅಂದೆ, ಕೊಟ್ರು. ಕೊಡ್ದಿದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ಬೋದು, ಮಾಡೋ ಪ್ರಸಂಗ ಬರ್ಲಿಲ್ಲ. ನೀರಿನ ಬಾಟ್ಲಿಗೆ ಎಂಆರ್‌ಪಿ ಮೇಲೆ ಐದು ರೂಪಾಯಿ ಜಾಸ್ತಿ ಅಂತ ಮಾತ್ರ ಜಗಳ ಆಡ್ಬೇಡಿ, ಕೂರಿಸಿ ಬಡಿಸೋ ಹೋಟ್ಲಲ್ಲಿ ಹಂಗೆ ತಗೊಳ್ಬೋದು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬಿಸಿ ನೀರು ಕೇಳಿ, ನಮ್ಮೂರ ಚಳಿಗೆ ಅದೇ ಒಳ್ಳೇದು, ದುಡ್ಡೂ ಇಲ್ಲ. ಟಿಪ್ಸ್ ನಾನು ಬಡಿಸಿದ ಹುಡುಗನ ಕೈಗೇ ಕೊಡ್ತೀನಿ, ಎಷ್ಟೋ ಹುಡುಗ್ರು ಬೇರೆ ಊರಿಂದ ಬಂದೋರು, ಮುಂದಿನ ಬುಧವಾರ ಹೋದಾಗ ಮಾವನ ಇಡ್ಲಿ ಹೇಳೋ ಮುಂಚೆನೇ ಬಂದಿರುತ್ತೆ.

ಕಾಫಿ ಮಾತ್ರ ನಾವು ಹೋಟ್ಲಲ್ಲಿ ಕುಡಿಯಲ್ಲ. ತೋಟದವ್ರ ಜೊತೆ ಹೋದೋರಿಗೆ ಗೊತ್ತಿರುತ್ತೆ, ಒಂದು ಗುಟುಕು ಕುಡಿದು ಚಿಕೋರಿ ಎಷ್ಟು ಪರ್ಸೆಂಟ್ ಅಂತ ಶುರು ಮಾಡಿದ್ರೆ ಸಪ್ಲೈಯರ್ ಪಾಪ ಏನ್ ಹೇಳ್ತಾನೆ. ಮನೆಗೆ ಬಂದು ಫಿಲ್ಟರ್ ಹಾಕ್ತೀನಿ.

ಮಿಕ್ಕಿದ್ದನ್ನ ಕಟ್ಟಿಸ್ಕೊಂಡ್ ಬರೋದು ನಮ್ಮತ್ತೆ ಡಿಪಾರ್ಟ್‌ಮೆಂಟು, "ದುಡ್ಡು ಕೊಟ್ಟಿಲ್ವೇನವ್ವಾ" ಅಂತ ಒಂದು ಚಮಚ ಪಲ್ಯಾನೂ ಬಿಡಲ್ಲ. ರೊಟ್ಟಿ, ಮುದ್ದೆ, ಗೋಬಿ ಕಟ್ಟಿಸೋದು ವ್ಯರ್ಥ, ಬೆಳಗ್ಗೆಗೆ ಯಾರೂ ತಿನ್ನಲ್ಲ. ಕೋಳಿ ಸಾರು ಕಟ್ಟಿಸಿ, ಆದ್ರೆ ಬಿಸಿ ಸಾರನ್ನ ಪ್ಲಾಸ್ಟಿಕ್ ಕವರಿಗೆ ಹಾಕಿಸ್ಬೇಡಿ, ನಾನು ಕಾರಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟಿರ್ತೀನಿ. ರಾತ್ರಿ ಬಂದ ತಕ್ಷಣ ಫ್ರಿಜ್ಜಿಗಿಟ್ಟು ಬೆಳಗ್ಗೆ ಚೆನ್ನಾಗಿ ಕುದಿಸಿ, ಮೇಲೆ ಒಂದ್ ಸ್ವಲ್ಪ ಕಾಳುಮೆಣಸು ಕುಟ್ಟಿ ಹಾಕಿದ್ರೆ ದೋಸೆಗೆ ಆಗುತ್ತೆ.