ಚಳಿಯಲ್ಲಿ ಕಂದು ಕೊಬ್ಬು ಎಷ್ಟು ಕೆಲಸ ಮಾಡುತ್ತದೆ? ಅಳೆಯುವುದು ಹೀಗೆ

ನಮ್ಮ ಮೈಯಲ್ಲಿರುವ ಕೊಬ್ಬೆಲ್ಲ ಒಂದೇ ಥರದ್ದಲ್ಲ. ಬಿಳಿ ಕೊಬ್ಬು ಶಕ್ತಿಯನ್ನು ಕೂಡಿಡುತ್ತದೆ, ಕಂದು ಕೊಬ್ಬು ಅದನ್ನು ಉರಿಸಿ ಶಾಖ ಮಾಡುತ್ತದೆ. ಕಂದು ಕೊಬ್ಬಿನ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ, ಅಂದರೆ ಶಕ್ತಿ ತಯಾರಿಸುವ ಪುಟ್ಟ ಘಟಕಗಳು, ಕಿಕ್ಕಿರಿದಿರುತ್ತವೆ. ಅವುಗಳೊಳಗಿನ ಯುಸಿಪಿ-1 ಎಂಬ ಪ್ರೋಟೀನ್, ಎಟಿಪಿ (ಜೀವಕೋಶ ಬಳಸುವ ಶಕ್ತಿಯ ಅಣು) ಆಗಬೇಕಿದ್ದ ಶಕ್ತಿಯನ್ನು ನೇರವಾಗಿ ಶಾಖವಾಗಿ ಹೊರಬಿಡುತ್ತದೆ. ಇದು ಎಳೆಗೂಸುಗಳಿಗಷ್ಟೇ ಮುಖ್ಯ ಎಂದು ಬಹಳ ಕಾಲ ನಂಬಿದ್ದರು. 2009ರಲ್ಲಿ ಬಾಸ್ಟನ್, ಮಾಸ್ಟ್ರಿಕ್ಟ್ ಮತ್ತು ಟುರ್ಕು ತಂಡಗಳ ಅಧ್ಯಯನಗಳು ದೊಡ್ಡವರಲ್ಲೂ ಇದು ಚುರುಕಾಗಿರುತ್ತದೆ ಎಂದು ತೋರಿಸಿದವು.

ಅಳೆಯಲು ಹೊರಟವರು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಚಳಿಗೆ ಇಡೀ ದೇಹದ ಖರ್ಚು ಎಷ್ಟು ಏರಿತು? ಕಂದು ಕೊಬ್ಬು ಎಷ್ಟು ಎಚ್ಚರವಾಯಿತು? ಮೊದಲನೆಯದಕ್ಕೆ ಉಸಿರನ್ನು ಅಳೆಯುತ್ತಾರೆ, ಎರಡನೆಯದಕ್ಕೆ ಸ್ಕ್ಯಾನ್ ಮಾಡುತ್ತಾರೆ. ಒಂದರ ಉತ್ತರವನ್ನು ಇನ್ನೊಂದರ ಲೆಕ್ಕಕ್ಕೆ ಬರೆದರೆ ಇಡೀ ಪ್ರಯೋಗ ಹಾಳು.

ಮೊದಲು ತಯಾರಿ

ಹಿಂದಿನ ರಾತ್ರಿಯಿಂದ ಉಪವಾಸ. ಹಿಂದಿನ ದಿನ ಜೋರು ವ್ಯಾಯಾಮ ಬೇಡ, ಕಾಫಿ-ಟೀ ಬೇಡ. ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ಕೇಳಲೇಬೇಕು. ಪ್ರೊಪ್ರನೊಲಾಲ್‌ನಂಥ, ರಕ್ತದೊತ್ತಡ ಮುಂತಾದವಕ್ಕೆ ಕೊಡುವ ಬೀಟಾ ಬ್ಲಾಕರ್‌ಗಳು ಕಂದು ಕೊಬ್ಬಿನ ಚುರುಕನ್ನು ತಗ್ಗಿಸುತ್ತವೆ.

ಬೆಚ್ಚಗಿರುವಾಗಿನ ಲೆಕ್ಕ

ಚಳಿಯೂ ಸೆಕೆಯೂ ಅನಿಸದ ಕೋಣೆಯಲ್ಲಿ ವ್ಯಕ್ತಿಯನ್ನು ಅರ್ಧ ಗಂಟೆ ಸುಮ್ನೆ ಮಲಗಿಸಿ. ಆಮೇಲೆ ತಲೆಯ ಮೇಲೆ ಪಾರದರ್ಶಕ ಹುಡ್ ಹಾಕಿ, ಒಳಗೆ ಹೋದ ಮತ್ತು ಹೊರಗೆ ಬಂದ ಗಾಳಿಯಲ್ಲಿನ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಅಳೆಯಿರಿ. ಮೊದಲ ಕೆಲವು ನಿಮಿಷಗಳ ಅಂಕಿ ಬಿಟ್ಟುಬಿಡಿ, ಹುಡ್‌ನ ಗಾಬರಿಗೆ ಉಸಿರು ಏರುಪೇರಾಗಿರುತ್ತದೆ. ನಿದ್ದೆ ಮಾಡಲೂ ಬಿಡಬಾರದು.

ಲೆಕ್ಕಕ್ಕೆ ವೀರ್ ಸೂತ್ರವಿದೆ. ಒಂದು ಉದಾಹರಣೆ ನೋಡಿ. ನಿಮಿಷಕ್ಕೆ 250 ಮಿ.ಲೀ. ಆಮ್ಲಜನಕ ಖರ್ಚಾಗಿ, 200 ಮಿ.ಲೀ. ಇಂಗಾಲದ ಡೈಆಕ್ಸೈಡ್ ಹೊರಬಂದಿದೆ ಎನ್ನೋಣ. 250ನ್ನು 3.94ರಿಂದ, 200ನ್ನು 1.11ರಿಂದ ಗುಣಿಸಿ ಕೂಡಿದರೆ 1207. ಅದನ್ನು 1.44ರಿಂದ ಗುಣಿಸಿದರೆ ದಿನಕ್ಕೆ ಸುಮಾರು 1738 ಕಿಲೋಕ್ಯಾಲರಿ. ಚಳಿಯಲ್ಲಿ ಇವೇ ಅಂಕಿಗಳು 280 ಮತ್ತು 221 ಆದರೆ ಉತ್ತರ ಸುಮಾರು 1942. ವ್ಯತ್ಯಾಸ 204. ಆದರೆ ಇದು ದಿನವಿಡೀ ಅದೇ ಚಳಿಯಲ್ಲಿದ್ದರೆ ಮಾತ್ರ. ಎರಡು ಗಂಟೆಯ ಚಳಿಗೆ ಹೆಚ್ಚುವರಿ ಖರ್ಚು ಬರೀ 17 ಕಿಲೋಕ್ಯಾಲರಿ! ಇದನ್ನು ಸ್ಪಷ್ಟವಾಗಿ ಬರೆಯದಿದ್ದರೆ ಓದಿದವರು ಸುಮ್ಮನೆ ಆಸೆ ಇಟ್ಟುಕೊಳ್ಳುತ್ತಾರೆ.

ನಡುಕದ ಗಡಿ ಹುಡುಕುವುದು

ಅತಿ ಸೂಕ್ಷ್ಮ ಕೆಲಸ ಇದೇ. ಎಲ್ಲರಿಗೂ ಒಂದೇ ಉಷ್ಣಾಂಶ ಇಟ್ಟರೆ ತೆಳ್ಳಗಿನವರು ನಡುಗುತ್ತಾರೆ, ದಪ್ಪಗಿನವರಿಗೆ ಚಳಿಯೇ ಆಗುವುದಿಲ್ಲ. ಹಾಗಾಗಿ ತಣ್ಣೀರು ಹರಿಯುವ ಅಂಗಿ ತೊಡಿಸಿ, ನೀರಿನ ಉಷ್ಣಾಂಶವನ್ನು ಸ್ವಲ್ಪ ಸ್ವಲ್ಪವೇ ಇಳಿಸಬೇಕು. ನಡುಕ ಶುರುವಾದೊಡನೆ ಎರಡು-ಮೂರು ಡಿಗ್ರಿ ಏರಿಸಿ, ಅಲ್ಲೇ ನಿಲ್ಲಿಸಬೇಕು. ನಡುಗಿದರೆ ಸ್ನಾಯುಗಳೇ ಕ್ಯಾಲರಿ ಸುಡುತ್ತವೆ, ಕಂದು ಕೊಬ್ಬಿನ ಪಾಲು ಅದರಲ್ಲಿ ಕಳೆದುಹೋಗುತ್ತದೆ.

ನಡುಕ ಕಣ್ಣಿಗೆ ಕಾಣುವವರೆಗೆ ಕಾಯುವುದು ತಪ್ಪು. ಮಾತಾಡುವಾಗ ದವಡೆ ಬಿಗಿಯುತ್ತದೆ, ಎದೆಯ ಸ್ನಾಯು ಸಣ್ಣಗೆ ಅದುರುತ್ತದೆ. ಎದೆ, ಕತ್ತು, ತೊಡೆಯ ಮೇಲೆ ಇಎಂಜಿ ಪಟ್ಟಿ (ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿಯುವಂಥದ್ದು) ಅಂಟಿಸಿದ್ದರೆ ಇವೆಲ್ಲ ಮೊದಲೇ ಗೊತ್ತಾಗುತ್ತವೆ. ಈ ಸ್ಥಿತಿಯಲ್ಲಿ ಮತ್ತೆ ಹುಡ್ ಹಾಕಿ ಅಳೆದರೆ ಚಳಿಯ ಲೆಕ್ಕ ಸಿಗುತ್ತದೆ.

ಸ್ಕ್ಯಾನ್

ಸುಮಾರು ಒಂದು ಗಂಟೆ ಚಳಿ ಕೊಟ್ಟ ಮೇಲೆ ರಕ್ತನಾಳಕ್ಕೆ ಎಫ್‌ಡಿಜಿ ಚುಚ್ಚುತ್ತಾರೆ. ಇದು ವಿಕಿರಣ ಗುರುತು ಹಚ್ಚಿದ ಗ್ಲೂಕೋಸ್. ಇನ್ನೊಂದು ಗಂಟೆ ಚಳಿ ಮುಂದುವರಿಸಿ ಪೆಟ್-ಸಿಟಿ ಸ್ಕ್ಯಾನ್ ತೆಗೆಯುತ್ತಾರೆ. ಗುರುತು ಎಲ್ಲಿ ಸೇರಿದೆ ಎಂದು ಪೆಟ್ ತೋರಿಸುತ್ತದೆ, ಅಲ್ಲಿನ ಅಂಗಾಂಶ ಯಾವುದು ಎಂದು ಸಿಟಿ ತೋರಿಸುತ್ತದೆ. ಕತ್ತಿನ ಬದಿ, ಕಾಲರ್ ಬೋನ್ ಮೇಲ್ಭಾಗ, ಬೆನ್ನುಮೂಳೆಯ ಅಕ್ಕಪಕ್ಕ ಹೊಳೆಯಬಹುದು. ಹೊಳೆದದ್ದೆಲ್ಲ ಕೊಬ್ಬೇ ಅಲ್ಲ. ಸಿಟಿಯಲ್ಲಿ ಆ ಜಾಗದ ಸಾಂದ್ರತೆ ಮೈನಸ್ 190ರಿಂದ ಮೈನಸ್ 10 ಹೌನ್ಸ್‌ಫೀಲ್ಡ್ ಘಟಕಗಳ (ಸಿಟಿಯಲ್ಲಿ ಸಾಂದ್ರತೆ ಅಳೆಯುವ ಮಾನ) ನಡುವೆ ಇದೆಯೇ ಎಂದು ನೋಡಬೇಕು. ಕಂದು ಕೊಬ್ಬಿನ ಸ್ಕ್ಯಾನ್ ಬಗ್ಗೆ ತಜ್ಞರು ಕೊಟ್ಟ 2016ರ ಬಾರ್ಸಿಸ್ಟ್ ಶಿಫಾರಸು ಹೇಳುವುದೂ ಇದೇ ಮಿತಿಯನ್ನು.

ಇನ್ನೊಂದು ಎಚ್ಚರಿಕೆ. ಕಂದು ಕೊಬ್ಬು ತನ್ನೊಳಗಿನ ಕೊಬ್ಬನ್ನೇ ಜಾಸ್ತಿ ಉರಿಸುತ್ತದೆ, ಎಫ್‌ಡಿಜಿ ತೋರಿಸುವುದು ಗ್ಲೂಕೋಸ್ ಸೇವನೆಯನ್ನು ಮಾತ್ರ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲಿ ಹೊಳಪು ಕಡಿಮೆ ಕಂಡರೆ ಕಂದು ಕೊಬ್ಬೇ ಸತ್ತಿದೆ ಎಂದು ತೀರ್ಮಾನಿಸುವಂತಿಲ್ಲ. ಉರಿಯುವ ವೇಗವೇ ಬೇಕಿದ್ದರೆ ಕಾರ್ಬನ್-11 ಅಸಿಟೇಟ್ ಎಂಬ ಇನ್ನೊಂದು ವಿಕಿರಣ ಗುರುತನ್ನು ಬಳಸುತ್ತಾರೆ. ಅದರ ಅರ್ಧಾಯುಷ್ಯ ಸುಮಾರು 20 ನಿಮಿಷ, ಹಾಗಾಗಿ ಅದನ್ನು ತಯಾರಿಸಲು ಬೇಕಾದ ಸೈಕ್ಲೋಟ್ರಾನ್ ಯಂತ್ರ ಹತ್ತಿರದಲ್ಲೇ ಇರಬೇಕು.

ಪೆಟ್-ಸಿಟಿಯಲ್ಲಿ ವಿಕಿರಣ ಇರುವುದರಿಂದ ಪದೇ ಪದೇ ಮಾಡುವಂತಿಲ್ಲ. ಹಲವು ವಾರ ಗಮನಿಸಬೇಕಾದರೆ ಹುಡ್ ಜೊತೆಗೆ ಕಾಲರ್ ಬೋನ್ ಮೇಲಿನ ಚರ್ಮದ ಉಷ್ಣಾಂಶವನ್ನು ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಹಿಡಿಯಬಹುದು. ಚರ್ಮದಡಿಯ ಕೊಬ್ಬು ದಪ್ಪವಿದ್ದಲ್ಲಿ ಶಾಖ ಹೊರಗೆ ಕಾಣುವುದಿಲ್ಲ. ಅದಕ್ಕೇ ಈ ವಿಧಾನದಲ್ಲಿ ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸದೆ, ಅದೇ ವ್ಯಕ್ತಿಯ ಮೊದಲಿನ ಅಳತೆಗೆ ಹೋಲಿಸುವುದು ಒಳ್ಳೆಯದು.