ಬ್ಯಾಗಿನಲ್ಲಿದ್ದದ್ದು ನನ್ನದಷ್ಟೇ ಅಲ್ಲ

ಹುಬ್ಬಳ್ಳಿಯ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ, ಆದಾಯ ತೆರಿಗೆಯ ಲೆಕ್ಕ ನೋಡುವುದು ನನ್ನ ಕೆಲಸ. ತಿಂಗಳಿಗೆ ಒಂದೆರಡು ಸಲ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತೇನೆ. ಕೆಲವು ವರ್ಷಗಳ ಹಿಂದೆ ತುಮಕೂರು ದಾಟಿದ ಮೇಲೆ ಎಚ್ಚರವಾಗಿ ನೋಡಿದರೆ, ತಲೆಯ ಹತ್ತಿರ ಇಟ್ಟುಕೊಂಡಿದ್ದ ಬ್ಯಾಗ್ ಇರಲಿಲ್ಲ. ದೂರು ಕೊಟ್ಟೆ. ಲ್ಯಾಪ್‌ಟಾಪ್ ಸಿಗಲಿಲ್ಲ.

ಗಿರಾಕಿಗಳ ಪ್ಯಾನ್, ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವೂ ಅದರಲ್ಲಿದ್ದವು. ಪಾಸ್‌ವರ್ಡ್ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ರಿಪೇರಿ ಅಂಗಡಿಯ ಗೆಳೆಯ ಏನೂ ಹೇಳದೆ ಒಂದು ಹಳೆಯ ಲ್ಯಾಪ್‌ಟಾಪಿನ ಡಿಸ್ಕ್ ಬಿಚ್ಚಿ, ತನ್ನ ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿದ. ಪಾಸ್‌ವರ್ಡನ್ನು ಯಾರೂ ಕೇಳಲೇ ಇಲ್ಲ. ಫೋಲ್ಡರುಗಳು ಸಾಲಾಗಿ ತೆರೆದುಕೊಂಡವು. ಅಂದು ಸಂಜೆಯೇ ಗಿರಾಕಿಗಳಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ ವಿಷಯ ತಿಳಿಸಿದೆ. ಕಿರಾಣಿ ಅಂಗಡಿಯ ಹಿರಿಯರೊಬ್ಬರು, “ನನ್ನ ಹೆಸರಿನಲ್ಲಿ ಯಾರಾದರೂ ಸಾಲ ತೆಗೆದುಕೊಂಡರೆ ಏನು ಮಾಡುವುದು ಸರ್?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಹೊಸ ಯಂತ್ರಕ್ಕೆ ವಿಂಡೋಸ್ ಪ್ರೊ ಹಾಕಿಸಿ ಮೊದಲ ದಿನವೇ ಅದರಲ್ಲಿರುವ ಬಿಟ್‌ಲಾಕರ್, ಅಂದರೆ ಇಡೀ ಡಿಸ್ಕನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ಸೌಲಭ್ಯ, ಚಾಲೂ ಮಾಡಿದೆ. ಈಗ ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿದರೂ ಅದರಲ್ಲಿರುವುದನ್ನು ಓದಲಾಗುವುದಿಲ್ಲ. ಆದರೆ ಸಾಮಾನ್ಯವಾಗಿ ಯಂತ್ರ ಶುರುವಾಗುವಾಗ ಈ ಬೀಗ ತಾನಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದ ಆರಂಭದಲ್ಲೇ ಪಿನ್ ಕೇಳುವಂತೆ ಹೊಂದಿಸಿದೆ. ಮಲಗುವ ಮುನ್ನ ಮುಚ್ಚಳ ಮುಚ್ಚಿ ಸುಮ್ಮನಾಗುವುದಿಲ್ಲ, ಪೂರ್ತಿ ಶಟ್‌ಡೌನ್ ಮಾಡುತ್ತೇನೆ. ಸ್ಲೀಪ್‌ನಲ್ಲಿ ಬಿಟ್ಟರೆ ಬೀಗದ ಕೀಲಿ ಯಂತ್ರದ ಮೆಮೊರಿಯಲ್ಲೇ ಉಳಿದಿರುತ್ತದೆ.

ಬೀಗ ಎಂದಿನಂತೆ ತೆರೆಯದಿದ್ದಾಗ ಬೇಕಾಗುವ, ಬಿಟ್‌ಲಾಕರ್ ಕೊಡುವ 48 ಅಂಕಿಗಳ ರಿಕವರಿ ಕೀಯನ್ನು ಹಾಳೆಯಲ್ಲಿ ಮುದ್ರಿಸಿ ಮನೆಯ ಬೀರುವಿನಲ್ಲಿ ಇಟ್ಟಿದ್ದೇನೆ. ಬ್ಯಾಗಿನಲ್ಲಿ ಅದು ಇರಲೇಬಾರದು. ಒಮ್ಮೆ ಬಯೋಸ್ (ಯಂತ್ರವನ್ನು ಶುರುಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಆದ ಮೇಲೆ ಬೆಂಗಳೂರಿನಲ್ಲಿ ಯಂತ್ರ ಆ ಕೀಯನ್ನೇ ಕೇಳಿತು. ಹೆಂಡತಿ ಫೋನಿನಲ್ಲಿ ಆರಾರು ಅಂಕಿಗಳ ಎಂಟು ಗುಂಪುಗಳನ್ನು ನಿಧಾನವಾಗಿ ಓದಿದಳು, ನಾನು ಒತ್ತುತ್ತಾ ಹೋದೆ. ಆ ಹಾಳೆ ಇಲ್ಲದಿದ್ದರೆ ನನ್ನ ಕಡತಗಳಿಗೆ ನಾನೇ ಹೊರಗಿನವನಾಗುತ್ತಿದ್ದೆ.

ಈಗ ಜೊತೆಗೆ ಒಯ್ಯುವುದು ಆ ಪ್ರಯಾಣಕ್ಕೆ ಬೇಕಾದವರ ಫೋಲ್ಡರ್ ಮಾತ್ರ. ಉಳಿದದ್ದೆಲ್ಲ ಕಚೇರಿಯಲ್ಲಿ, ಹಾಗೆಯೇ ಬೀಗ ಹಾಕಿದ ಹೊರ ಡಿಸ್ಕಿನಲ್ಲಿ ಇರುತ್ತದೆ. ಹೊರಡುವ ದಿನ ಲ್ಯಾಪ್‌ಟಾಪಿನಲ್ಲಿರುವ ಕಡತಗಳ ಪ್ರತಿಯನ್ನು ಆ ಹೊರ ಡಿಸ್ಕಿಗೆ ಹಾಕಿ, ಎರಡು ಮೂರು ಕಡತಗಳನ್ನು ತೆರೆದು ಪರೀಕ್ಷಿಸುತ್ತೇನೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ನಂಬುವುದಿಲ್ಲ. ದಾರಿಯಲ್ಲಿ ಇಂಟರ್‌ನೆಟ್ ಬೇಕಾದರೆ ನನ್ನ ಮೊಬೈಲಿನ ಹಾಟ್‌ಸ್ಪಾಟ್ ಸಾಕು.

ಕಿರಾಣಿ ಅಂಗಡಿಯ ಹಿರಿಯರ ಪ್ರಶ್ನೆ ಮಾತ್ರ ಬಹಳ ದಿನ ಕೊರೆಯಿತು. ಅವರ ಅಂಗಡಿಗೇ ಹೋಗಿ, ಬೆರಳಚ್ಚು, ಕಣ್ಣಿನ ಗುರುತುಗಳ ಬಳಕೆಯನ್ನು ತಡೆಯುವ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಕೊಟ್ಟೆ. ಅವರ ಹೆಸರಿನಲ್ಲಿ ಯಾವ ಯಾವ ಸಾಲಗಳಿವೆ ಎಂಬುದನ್ನು ತೋರಿಸುವ ಕ್ರೆಡಿಟ್ ವರದಿ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ಈಗಲೂ ಪ್ರತಿ ವರ್ಷ ಅದನ್ನು ತೆಗೆದುಕೊಂಡು ಅವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು, ಸಾಲು ಸಾಲಾಗಿ ಓದಿ ಹೇಳುತ್ತೇನೆ.