ಸುದ್ದಿಯಲ್ಲಿ ಬಂದ ಬ್ಲ್ಯಾಕ್ ಬಾಕ್ಸ್ ಫೋಟೋ ನೋಡುವುದು ಹೇಗೆ

ವಿಮಾನ ಬಿದ್ದು ಎರಡು ಮೂರು ದಿನವಾಗುವಷ್ಟರಲ್ಲಿ ಒಂದು ಫೋಟೋ ಹೊರಬರುತ್ತದೆ. ಕೈಗವಸು ತೊಟ್ಟ ಯಾರೋ ಒಬ್ಬರ ಕೈಯಲ್ಲಿ ಜಜ್ಜಿ ಮುದ್ದೆಯಾದ ಕಿತ್ತಳೆ ಬಣ್ಣದ ಪೆಟ್ಟಿಗೆ. ಟಿವಿಯವರು ತಕ್ಷಣ ಶುರುಹಚ್ಚಿಕೊಳ್ಳುತ್ತಾರೆ: ‘ಬ್ಲ್ಯಾಕ್ ಬಾಕ್ಸ್‌ಗೆ ಭಾರೀ ಹಾನಿ, ಮಾಹಿತಿ ಸಿಗುವುದು ಅನುಮಾನ.’ ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ಸ್, ವರ್ಕ್‌ಶಾಪಿನ ರೆಕಾರ್ಡರ್ ಬೆಂಚಿನಲ್ಲಿ ವರ್ಷಗಟ್ಟಲೆ ಕೂತು ಕೆಲಸ ಮಾಡಿದ ನನಗೆ ಇದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಪೆಟ್ಟಿಗೆ ಜಜ್ಜಿಹೋದರೆ ಹೋಗಲಿ; ಅದು ಉಳಿಯಲಿ ಎಂದು ಯಾರೂ ಅದನ್ನು ಕಟ್ಟಿಲ್ಲ. ಉಳಿಯಬೇಕಾದದ್ದು ಬೇರೆ ಇದೆ. ಅದು ಆ ಫೋಟೋದಲ್ಲೇ ಒಂದು ತುದಿಯಲ್ಲಿ ಕಾಣುತ್ತಿರುತ್ತದೆ, ಇಲ್ಲವೇ ಅಲ್ಲಿಂದ ಕಿತ್ತುಹೋಗಿರುತ್ತದೆ. ಎಲ್ಲಿ ನೋಡಬೇಕು, ಕಂಡದ್ದರಿಂದ ಏನು ತಿಳಿಯಬೇಕು ಅನ್ನುವುದನ್ನು ಹೇಳುತ್ತೇನೆ.

ಮೊದಲು ದಪ್ಪ ಭಾಗ ಹುಡುಕಿ

ಬ್ಲ್ಯಾಕ್ ಬಾಕ್ಸ್ ಅನ್ನುವುದು ವಿಮಾನದ ರೆಕಾರ್ಡರನ್ನು. ಹಾರಾಟದ ವಿವರ ಬರೆದಿಡುವುದು ಡೇಟಾ ರೆಕಾರ್ಡರ್, ಕಾಕ್‌ಪಿಟ್‌ನ ಮಾತು ಹಿಡಿಯುವುದು ಧ್ವನಿ ರೆಕಾರ್ಡರ್. ಯಾವುದೇ ಆಗಲಿ, ರೆಕಾರ್ಡರ್ ಅಂದರೆ ಎರಡು ಭಾಗ. ಒಂದು, ತೆಳು ತಗಡಿನ ಚಾಸಿ. ಅದರೊಳಗೆ ಪವರ್ ಸಪ್ಲೈ, ಸರ್ಕ್ಯೂಟ್ ಬೋರ್ಡುಗಳು, ಹಿಂಬದಿಯಲ್ಲಿ ವಿಮಾನದ ವೈರಿಂಗ್ ಸೇರುವ ಕನೆಕ್ಟರ್. ಇದೆಲ್ಲ ಮಾಮೂಲಿ ಎಲೆಕ್ಟ್ರಾನಿಕ್ಸ್. ಅಪಘಾತವಾದ ಮೇಲೆ ಇದರಿಂದ ಯಾರಿಗೂ ಏನೂ ಆಗಬೇಕಿಲ್ಲ. ಎರಡು, ಆ ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ ದಪ್ಪ ಲೋಹದ ಸಿಲಿಂಡರ್. ಕೆಲವು ಮಾದರಿಗಳಲ್ಲಿ ಗುಮ್ಮಟದ ಆಕಾರವೋ ಚೌಕ ಗಟ್ಟಿಯೋ ಆಗಿರುತ್ತದೆ. ಮೆಮೊರಿ ಇರುವುದು ಅದರೊಳಗೆ. ನಾವು ಅದನ್ನು ಬರೀ ‘ಮೆಮೊರಿ ಯೂನಿಟ್’ ಅನ್ನುತ್ತಿದ್ದೆವು.

ಇಡೀ ರೆಕಾರ್ಡರ್ ತೂಕ 5 ಕಿಲೋ ಆಸುಪಾಸು. ಚಾಸಿಯನ್ನು ಎರಡು ಕೈಯಲ್ಲಿ ಸಮವಾಗಿ ಹಿಡಿದು ಎತ್ತಲು ಹೋದರೆ ಒಂದು ಬದಿ ದಪ್ಪನೆ ಕೆಳಗೆ ಜಗ್ಗುತ್ತದೆ. ಜಗ್ಗಿದ ಕಡೆಯೇ ಮೆಮೊರಿ ಯೂನಿಟ್. ಅಂಗೈಗಳೆರಡರಲ್ಲಿ ಹಿಡಿಸುವ ಆ ಗಟ್ಟಿಗೇ ತೂಕದ ದೊಡ್ಡ ಪಾಲನ್ನು ಸುರಿದಿದ್ದಾರೆ, ಉಳಿದದ್ದನ್ನು ತಗಡಿಗೆ ಬಿಟ್ಟಿದ್ದಾರೆ. ಯಾವುದನ್ನು ಕಳೆದುಕೊಂಡರೆ ನಡೆಯುತ್ತದೆ ಎಂದು ಮೊದಲೇ ತೀರ್ಮಾನಿಸಿದ್ದೇ ಈ ವಿನ್ಯಾಸದ ಜಾಣತನ. ಇಡೀ ವಿಮಾನವನ್ನೇ ಇದೇ ಲೋಹದಲ್ಲಿ ಏಕೆ ಮಾಡಬಾರದು ಎಂದು ಕೇಳುವವರು ಪ್ರತಿ ಬ್ಯಾಚಿನಲ್ಲೂ ಒಬ್ಬರಿರುತ್ತಾರೆ. ಮೆಮೊರಿ ಯೂನಿಟ್ ಅವರ ಕೈಗೇ ಕೊಟ್ಟರೆ ಆಯಿತು, ಉತ್ತರ ಸಿಗುತ್ತದೆ.

ಆದ್ದರಿಂದ ಫೋಟೋದಲ್ಲಿ ಚಾಸಿ ಹಪ್ಪಳವಾಗಿದ್ದು ಸಿಲಿಂಡರ್ ತನ್ನ ಆಕಾರದಲ್ಲೇ ಇದ್ದರೆ ಒಳ್ಳೆಯ ಸುದ್ದಿ. ಚಾಸಿ ಚೆನ್ನಾಗಿದ್ದು ಸಿಲಿಂಡರ್ ಇರಬೇಕಾದ ಜಾಗ ಬೋಳಾಗಿದ್ದರೆ ಚಿಂತೆ ಶುರು. 2009ರ ಜೂನ್ 1ರಂದು ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447ರ ಹುಡುಕಾಟದಲ್ಲಿ ಹಾಗೇ ಆಯಿತು. 2011ರ ಏಪ್ರಿಲ್ ಕೊನೆಯಲ್ಲಿ, ಸುಮಾರು 3,900 ಮೀಟರ್ ಆಳದಲ್ಲಿ, ಡೇಟಾ ರೆಕಾರ್ಡರಿನ ಚಾಸಿ ಸಿಕ್ಕಿತು, ಮೆಮೊರಿ ಯೂನಿಟ್ ಇರಲಿಲ್ಲ. ಮೇ 1ರಂದು ಯೂನಿಟ್ ಬೇರೆಯಾಗಿ ಮರಳಿನಲ್ಲಿ ಕಂಡಿತು. ಸುಮಾರು 23 ತಿಂಗಳು ಉಪ್ಪುನೀರಿನಲ್ಲಿ ಬಿದ್ದಿದ್ದರೂ ಡೇಟಾ ಪೂರ್ತಿ ಹೊರಬಂತು.

ಸಿಲಿಂಡರ್ ಒಳಗೆ ಏನಿದೆ ಎಂದು ಕಲ್ಪಿಸಿಕೊಳ್ಳಿ

ಒಳಗಿನಿಂದ ಹೊರಕ್ಕೆ ಬನ್ನಿ. ನಡುವೆ ಫ್ಲ್ಯಾಶ್ ಮೆಮೊರಿ ಚಿಪ್‌ಗಳನ್ನು ಬೆಸೆದ ಪುಟ್ಟ ಬೋರ್ಡು. ಅದರ ಸುತ್ತ ತೆಳು ಕವಚ. ಅದರಾಚೆ ಸುಮಾರು ಒಂದು ಇಂಚು ದಪ್ಪದ, ಸಿಲಿಕಾದಂಥ ಒಣ ಪದಾರ್ಥದ ಶಾಖನಿರೋಧಕ. ಎಲ್ಲಕ್ಕೂ ಹೊರಗೆ ಕಾಲು ಇಂಚಿನಷ್ಟು ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟಾನಿಯಂ ಕವಚ. ಬೋರ್ಡಿನಿಂದ ಹೊರಗೆ ಬರುವುದು ಚಪ್ಪಟೆಯಾದ ಒಂದು ತೆಳು ಕೇಬಲ್ ಮಾತ್ರ. ಅಪಘಾತದಲ್ಲಿ ಅದು ಹರಿದುಹೋದರೂ ಅಡ್ಡಿಯಿಲ್ಲ, ವಿದ್ಯುತ್ ಇಲ್ಲದೆಯೂ ಫ್ಲ್ಯಾಶ್ ಚಿಪ್ ನೆನಪು ಇಟ್ಟುಕೊಳ್ಳುತ್ತದೆ.

ಹಿಂದೆ ಹೀಗಿರಲಿಲ್ಲ. 1953-54ರ ಕಾಮೆಟ್ ಜೆಟ್ ದುರಂತಗಳ ನಂತರ ಮೆಲ್ಬರ್ನ್‌ನ ಏರೋನಾಟಿಕಲ್ ರಿಸರ್ಚ್ ಲ್ಯಾಬೊರೇಟರಿಯ ಡೇವಿಡ್ ವಾರೆನ್ ಮಾಡಿದ ಮೊದಲ ಮಾದರಿ ಉಕ್ಕಿನ ತಂತಿಯ ಮೇಲೆ 4 ಗಂಟೆಯ ಮಾತನ್ನು ಹಿಡಿದಿಡುತ್ತಿತ್ತು. ಆಮೇಲೆ ಮ್ಯಾಗ್ನೆಟಿಕ್ ಟೇಪ್ ಬಂತು. ಟೇಪ್ ಅಂದರೆ ಪ್ಲಾಸ್ಟಿಕ್. ಅದರ ಗತಿ ಏನೆಂದು ತೋರಿಸಲು 2001ರ ಸೆಪ್ಟೆಂಬರ್ 11ರಂದು ಪೆಂಟಗನ್‌ಗೆ ಅಪ್ಪಳಿಸಿದ ವಿಮಾನ ಸಾಕು. ಅದರ ಡೇಟಾ ರೆಕಾರ್ಡರ್ ಚಿಪ್‌ನದ್ದು, ಓದಲು ಬಂತು. ಧ್ವನಿ ರೆಕಾರ್ಡರ್ ಟೇಪಿನದ್ದು, ಕರಗಿ ಸುಟ್ಟ ಪ್ಲಾಸ್ಟಿಕ್ ಗಟ್ಟಿಯಾಗಿತ್ತು. ವಿಮಾನವೂ ಒಂದೇ, ಬೆಂಕಿಯೂ ಒಂದೇ.

ಏಟಿನ ಗುರುತು ಓದುವುದು

ಸಿಲಿಂಡರಿನ ಮೇಲೆ ತಗ್ಗು, ಗೀರು, ಬಾಗಿದ ಅಂಚು ಕಂಡರೆ ಹೆದರಬೇಡಿ. ಇಂಥ ಯೂನಿಟ್ ಮಾರಾಟಕ್ಕೆ ಬರುವ ಮುನ್ನ ಅದೇ ಮಾದರಿಯ ಒಂದನ್ನು ಹಿಂಸಿಸಿ ನೋಡಿರುತ್ತಾರೆ. ಯುರೋಪಿನ ಇಡಿ-112 ಮಾನದಂಡದಲ್ಲಿ ಆ ಪಟ್ಟಿಯಿದೆ. ಮೊದಲನೆಯದು 3,400 ಜಿ ಆಘಾತ (ಅಂದರೆ ಭೂಮಿಯ ಗುರುತ್ವದ 3,400 ಪಟ್ಟು), 6.5 ಮಿಲಿಸೆಕೆಂಡ್. ಈ ಅಂಕಿಯನ್ನು ಎಲ್ಲರೂ ಬರೆಯುತ್ತಾರೆ, ಅರ್ಥ ಬಿಡಿಸುವುದಿಲ್ಲ. ಲೆಕ್ಕ ಹಾಕಿ ನೋಡಿ: ಆ ಆಘಾತ ಏರಿ ಇಳಿಯುವ ರೀತಿಯನ್ನು ಸೇರಿಸಿಕೊಂಡರೆ, ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಬರುತ್ತಿದ್ದ ವಸ್ತು ಅರ್ಧ ಮೀಟರಿಗಿಂತ ಕಡಿಮೆ ದೂರದಲ್ಲಿ ಪೂರ್ತಿ ನಿಂತಂತೆ. ಆ ಕ್ಷಣದಲ್ಲಿ 50 ಗ್ರಾಂ ತೂಕದ ಬೋರ್ಡು 170 ಕಿಲೋ ಆಗಿರುತ್ತದೆ. ಒಳಗೆ ಅದು ಅಲುಗಾಡಲು ಒಂದಿಷ್ಟು ಜಾಗ ಇದ್ದರೂ ತನ್ನ ತೂಕಕ್ಕೆ ತಾನೇ ಮುರಿಯುತ್ತದೆ. ಅದಕ್ಕೇ ಶಾಖನಿರೋಧಕವನ್ನು ಸಂದಿಯಿಲ್ಲದಂತೆ ಬಿಗಿಯಾಗಿ ತುಂಬುವುದು; ಬೆಂಕಿಗೆ ಎಂದು ಹಾಕಿದ ಪದರವೇ ಏಟಿಗೂ ಆಸರೆ.

ಬಳಿಕ ಚುಚ್ಚುವ ಪರೀಕ್ಷೆ. 6.35 ಮಿ.ಮೀ. ದಪ್ಪದ ಗಟ್ಟಿ ಉಕ್ಕಿನ ಮೊಳೆಯನ್ನು 227 ಕಿಲೋ ಭಾರಕ್ಕೆ ಸಿಕ್ಕಿಸಿ 3 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಅದೂ ಯೂನಿಟಿನ ಅತಿ ದುರ್ಬಲ ಜಾಗ ಹುಡುಕಿ. ವಿಮಾನ ಒಡೆದಾಗ ಚೂಪಾದ ಬೀಮು, ತೊಲೆಗಳು ಹೀಗೆಯೇ ಬಂದು ನಾಟುತ್ತವೆ. ಅಲ್ಲಿಗೂ ಬಿಡುವುದಿಲ್ಲ, ಪ್ರತಿ ದಿಕ್ಕಿನಲ್ಲೂ ಸುಮಾರು 2,270 ಕಿಲೋ ಭಾರದಲ್ಲಿ 5 ನಿಮಿಷ ಹಿಂಡುತ್ತಾರೆ. ಇಷ್ಟೆಲ್ಲ ತಿಂದ ಅದೇ ಯೂನಿಟ್ ಆಮೇಲೆ ಬೆಂಕಿಗೆ ಹೋಗಬೇಕು. ಬೆಂಕಿಗೊಂದು ಹೊಸ ತುಂಡು ಕೊಟ್ಟರೆ ಪರೀಕ್ಷೆ ಸುಳ್ಳಾಗುತ್ತದೆ, ನಿಜವಾದ ಅಪಘಾತದಲ್ಲಿ ಬೆಂಕಿ ಮುಟ್ಟುವುದು ಬಿರುಕು ಬಿಟ್ಟ ಕವಚವನ್ನೇ ತಾನೇ.

ಹಾಗಾಗಿ ತಗ್ಗು ಬಿದ್ದಿದ್ದರೆ ಮುಂದೆ ಹೋಗಿ. ತೂತು ಕಂಡರೆ ಮಾತ್ರ ನಿಂತು ನೋಡಿ.

ಬಣ್ಣ ಹೋಗಿದೆಯೇ ನೋಡಿ

ಕಿತ್ತಳೆ ಬಣ್ಣ, ಮೇಲೆ ಬೆಳಕು ಬಿದ್ದರೆ ಮಿಂಚುವ ಪಟ್ಟಿ, ‘ಫ್ಲೈಟ್ ರೆಕಾರ್ಡರ್, ಡು ನಾಟ್ ಓಪನ್’ ಎಂಬ ಬರಹ ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ. ಅವಶೇಷದ ರಾಶಿಯಲ್ಲಿ ಕಣ್ಣಿಗೆ ಬೀಳಲಿ ಎಂದು ಇದೆಲ್ಲ. ಆದರೆ ಫೋಟೋ ನೋಡುವವರಿಗೆ ಇದು ಒಂದು ಬಗೆಯ ಉಷ್ಣಮಾಪಕವೂ ಹೌದು. ಸಿಲಿಂಡರಿನ ಮೇಲೆ ಬಣ್ಣ ಉಳಿದು ಅಕ್ಷರ ಓದಲು ಬಂದರೆ ಬೆಂಕಿ ಅದನ್ನು ಹೆಚ್ಚು ಮುಟ್ಟಿಲ್ಲ. ಬಣ್ಣ ಪೂರ್ತಿ ಸುಟ್ಟು ಲೋಹ ಕಂದಿದ್ದರೆ ಬೆಂಕಿ ಇತ್ತು. ಎಷ್ಟು ಹೊತ್ತು ಇತ್ತು ಅನ್ನುವುದನ್ನು ಫೋಟೋ ಹೇಳುವುದಿಲ್ಲ, ಎಲ್ಲ ನಿಂತಿರುವುದು ಅದರ ಮೇಲೆಯೇ.

ಪರೀಕ್ಷೆಯಲ್ಲಿ 1,100 ಡಿಗ್ರಿ ಸೆಲ್ಸಿಯಸ್ ಜ್ವಾಲೆಯ ನಡುವೆ 60 ನಿಮಿಷ ಇಡುತ್ತಾರೆ. ಒಳಗಿನ ಬೋರ್ಡಿಗೆ ಅಂಥ ಶಾಖ ತಾಳುವ ಶಕ್ತಿ ಎಲ್ಲಿಂದ ಬರಬೇಕು? ಸೀಸ-ತವರದ ಬೆಸುಗೆಯೇ 183 ಡಿಗ್ರಿಗೆ ಕರಗುತ್ತದೆ. ಕೆಲಸವೆಲ್ಲ ಶಾಖ ಒಳಗೆ ತಲುಪುವುದನ್ನು ತಡ ಮಾಡುವುದು. ಕೆಲವು ತಯಾರಕರು ನಿರೋಧಕದ ಒಳಬದಿಯಲ್ಲಿ ಬಿಸಿಗೆ ಕರಗುವ ಮೇಣವನ್ನೋ ನೀರಿನಂಶ ಹಿಡಿದಿಟ್ಟುಕೊಂಡ ಪದಾರ್ಥವನ್ನೋ ಇಡುತ್ತಾರೆ. ನೀರಿರುವ ತನಕ ಒಲೆ ಮೇಲಿನ ಪಾತ್ರೆ ಸೀಯುವುದಿಲ್ಲವಲ್ಲ, ಹಾಗೆ; ಅದು ಕರಗಿ ಆವಿಯಾಗಿ ಮುಗಿಯುವವರೆಗೆ ಒಳಗಿನ ಉಷ್ಣತೆ ಏರದೆ ನಿಲ್ಲುತ್ತದೆ.

ಇನ್ನೊಂದು ಪರೀಕ್ಷೆಯಿದೆ, 260 ಡಿಗ್ರಿಯಲ್ಲಿ 10 ಗಂಟೆ. ಕೇಳಲು ಸೌಮ್ಯ. ನನ್ನನ್ನು ಕೇಳಿದರೆ ಎರಡರಲ್ಲಿ ಕ್ರೂರವಾದದ್ದು ಇದೇ. ಹತ್ತು ಗಂಟೆಯಲ್ಲಿ ಯಾವ ನಿರೋಧಕವೂ ಶಾಖವನ್ನು ಹೊರಗೇ ನಿಲ್ಲಿಸಲಾರದು, ನಿಧಾನಕ್ಕೆ ಇಳಿದೇ ಇಳಿಯುತ್ತದೆ. ರಾಶಿಯ ಅಡಿಯಲ್ಲಿ ಕೆಂಡದಂತೆ ಹೊಗೆಯಾಡುತ್ತ ಉಳಿಯುವ ಅವಶೇಷಗಳನ್ನು ನೆನೆದು ಇಟ್ಟ ಪರೀಕ್ಷೆ ಇದು.

ಇಷ್ಟಾದರೂ ಸೋಲುವುದುಂಟು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬಿದ್ದ ಏರ್ ಇಂಡಿಯಾ 171, ಬೋಯಿಂಗ್ 787. ಆ ಮಾದರಿಯಲ್ಲಿ ಡೇಟಾ, ಧ್ವನಿ ಎರಡನ್ನೂ ಒಟ್ಟಿಗೆ ಹಿಡಿಯುವ ರೆಕಾರ್ಡರ್‌ಗಳು ಎರಡು, ಮುಂದೊಂದು, ಬಾಲದಲ್ಲೊಂದು. ಮೂಗು ಮೊದಲು ನೆಲ ಮುಟ್ಟಿ ಏಟು ತಿನ್ನುತ್ತದೆ, ಬಾಲ ಸುರಕ್ಷಿತ ಎಂಬುದು ಈ ಕಸುಬಿನ ಹಳೆಯ ನಂಬಿಕೆ. ಅಲ್ಲಿ ಆದದ್ದು ತಿರುಗುಮುರುಗು. ಹಿಂದಿನದು ಏಟು ಮತ್ತು ಶಾಖಕ್ಕೆ ಎಷ್ಟು ಹಾಳಾಗಿತ್ತೆಂದರೆ ಮಾಮೂಲಿ ವಿಧಾನದಲ್ಲಿ ಓದಲು ಬರಲಿಲ್ಲ. ಮುಂದಿನದರಿಂದ ಸುಮಾರು 49 ಗಂಟೆಯ ಹಾರಾಟದ ಡೇಟಾ, 2 ಗಂಟೆಯ ಧ್ವನಿ ಸಿಕ್ಕಿತು. ಒಂದರ ಬದಲು ಎರಡು ಇಟ್ಟದ್ದಕ್ಕೆ ಬೆಲೆ ಬಂದದ್ದು ಅಲ್ಲಿ.

ಚಿಕ್ಕ ಸಿಲಿಂಡರನ್ನು ಮೆಮೊರಿ ಅಂದುಕೊಳ್ಳಬೇಡಿ

ಫೋಟೋದಲ್ಲಿ ಇನ್ನೊಂದು ಸಿಲಿಂಡರ್ ಇರುತ್ತದೆ, ಸುಮಾರು 10 ಸೆಂ.ಮೀ. ಉದ್ದ, ಹಿಡಿಕೆಯೇನೋ ಅನ್ನುವಂತೆ ಅಡ್ಡಕ್ಕೆ ಕೂತಿರುತ್ತದೆ. ಹೊಸಬರು ಅದನ್ನೇ ಹಿಡಿದು ರೆಕಾರ್ಡರ್ ಎತ್ತಲು ಹೋಗಿ ಬೈಸಿಕೊಳ್ಳುತ್ತಾರೆ. ಅದು ನೀರೊಳಗೆ ಕೂಗುವ ಬೀಕನ್. ತುದಿಯಲ್ಲಿ ಒಂದು ಲೋಹದ ಚುಕ್ಕೆ ಇದೆ. ಅದಕ್ಕೂ ಹೊರಕವಚಕ್ಕೂ ನಡುವೆ ನೀರು ಸೇರಿದರೆ ಸರ್ಕ್ಯೂಟ್ ಕೂಡಿಕೊಂಡು ಸೆಕೆಂಡಿಗೊಮ್ಮೆ 37.5 ಕಿಲೋಹರ್ಟ್ಸ್ ಶಬ್ದ ಹೊರಡುತ್ತದೆ. ಬೆಂಚಿನಲ್ಲಿ ನೀರು ಬೇಕಿಲ್ಲ. ಆ ಚುಕ್ಕೆಗೂ ಕವಚಕ್ಕೂ ಒಂದು ತುಂಡು ವೈರ್ ಮುಟ್ಟಿಸಿದರೆ ಸಾಕು, ಟೆಸ್ಟರಿನಿಂದ ಟಿಕ್, ಟಿಕ್ ಅಂತ ಬರುತ್ತದೆ. ಬೀಕನ್ನಿನದೇ ದನಿ ಮನುಷ್ಯನ ಕಿವಿಗೆ ನಿಲುಕದು. ಟೆಸ್ಟ್ ಮುಗಿದ ಮೇಲೆ ಚುಕ್ಕೆಯ ಸುತ್ತಲಿನ ಉಂಗುರವನ್ನು ಶುಭ್ರವಾದ ಬಟ್ಟೆಯಲ್ಲಿ ಒರೆಸಬೇಕು. ಅಲ್ಲಿ ಜಿಡ್ಡು, ತೇವ ಕೂತರೆ ವಿಮಾನ ಹಾರುತ್ತಿರುವಾಗಲೇ ಬೀಕನ್ ಕೂಗಿ ಕೂಗಿ ಬ್ಯಾಟರಿ ಮುಗಿಸಿಕೊಂಡಿರುತ್ತದೆ.

ಇಲ್ಲೇ ಸುದ್ದಿಯವರು ಎಡವುವುದು. ‘ಬ್ಲ್ಯಾಕ್ ಬಾಕ್ಸ್ ಸಿಗ್ನಲ್ ಕಳಿಸುತ್ತಿದೆ’ ಅನ್ನುತ್ತಾರೆ, ಬಿದ್ದದ್ದು ಗುಡ್ಡದ ಮೇಲಾದರೂ. ನೆಲದ ಮೇಲೆ ಅದು ಮೂಕ. ನೀರಿನಲ್ಲಿ ರೇಡಿಯೋ ಅಲೆ ದೂರ ಹೋಗುವುದಿಲ್ಲವೆಂದೇ ಶಬ್ದದ ಮೊರೆ ಹೋಗಿರುವುದು. ಆ ಶಬ್ದವೂ ಕೆಲವು ಕಿಲೋಮೀಟರ್ ದಾಟುವುದು ಕಷ್ಟ. 1985ರ ಜೂನ್ 23ರಂದು ಐರ್ಲೆಂಡ್ ಆಚೆ ಸಮುದ್ರಕ್ಕೆ ಬಿದ್ದ ಏರ್ ಇಂಡಿಯಾ ವಿಮಾನ ‘ಕನಿಷ್ಕ’ದ ರೆಕಾರ್ಡರ್‌ಗಳನ್ನು ಬೀಕನ್ ದನಿಯ ಜಾಡು ಹಿಡಿದೇ ಸುಮಾರು 2 ಕಿ.ಮೀ. ಆಳದಿಂದ ಮೂರು ವಾರದೊಳಗೆ ಎತ್ತಿದರು. ಏರ್ ಫ್ರಾನ್ಸ್ ದುರಂತದ ಹೊತ್ತಿಗೂ ಬೀಕನ್ ಆಯುಸ್ಸು 30 ದಿನವೇ ಆಗಿತ್ತು. ಅದರ ಬಳಿಕ ನಿಯಮ ಬದಲಾಗಿ 90 ದಿನವಾಯಿತು. ವಿಮಾನದ ಮೈಗೇ ಜೋಡಿಸುವ, ಇನ್ನೂ ದೂರ ಕೇಳಿಸುವ 8.8 ಕಿಲೋಹರ್ಟ್ಸ್ ಬೀಕನ್ ಕೂಡ ಬಂತು. ಮೆಮೊರಿ ಯೂನಿಟ್‌ಗೆ ಮಾತ್ರ 6,000 ಮೀಟರ್ ಆಳದ ಒತ್ತಡ ತಾಳುವ ಪರೀಕ್ಷೆ ಮೊದಲೇ ಇತ್ತು.

ನೀರು ತುಂಬಿದ ಡಬ್ಬಿಯಲ್ಲಿ ಇಟ್ಟಿದ್ದರೆ

ಸಮುದ್ರದಿಂದ ಎತ್ತಿದ ರೆಕಾರ್ಡರನ್ನು ಪಾರದರ್ಶಕ ಡಬ್ಬಿಯಲ್ಲಿ ನೀರಲ್ಲೇ ಮುಳುಗಿಸಿ ಇಟ್ಟ ಫೋಟೋ ನೋಡಿ ಹಲವರು ಗಾಬರಿಯಾಗುತ್ತಾರೆ. ಅದು ಸರಿಯಾದ ಕ್ರಮ, ನೋಡಿದರೆ ನನಗೆ ಸಮಾಧಾನ. ಉಪ್ಪುನೀರು ಹೊಕ್ಕ ಬೋರ್ಡು ಗಾಳಿಗೆ ಒಣಗಿದರೆ ತುಕ್ಕು ಗಂಟೆಗಳ ಲೆಕ್ಕದಲ್ಲಿ ಹರಡುತ್ತದೆ. ಲ್ಯಾಬಿನವರೆಗೂ ಸಿಹಿನೀರಿನಲ್ಲಿ ಇಟ್ಟು, ಅಲ್ಲಿ ತೊಳೆದು, ನಿಗಾ ಇಟ್ಟು ಒಣಗಿಸಬೇಕು.

ಲ್ಯಾಬಿನಲ್ಲಿ ಮೊದಲ ನಿಯಮ, ಕರೆಂಟ್ ಕೊಡಬಾರದು. ಕವಚ ಬಿಚ್ಚಿ ಅಥವಾ ಕೊಯ್ದು, ನಿರೋಧಕ ಕೆರೆದು, ಬೋರ್ಡಿನ ಮೇಲಿನ ರಕ್ಷಣಾ ಲೇಪ ತೆಗೆದು, ಸೂಕ್ಷ್ಮದರ್ಶಕದಲ್ಲಿ ಬೆಸುಗೆ ಬೆಸುಗೆಯನ್ನೂ ನೋಡಿ, ಎಲ್ಲೂ ಶಾರ್ಟ್ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಹೊಸ ಕೇಬಲ್ ಹಾಕಿ, ಅದೇ ಮಾದರಿಯ ಒಳ್ಳೆಯ ಚಾಸಿಗೆ ಸೇರಿಸುತ್ತಾರೆ. ‘ಇನ್ನೂ ಡೇಟಾ ಬಂದಿಲ್ಲವೇಕೆ’ ಎಂಬ ಚರ್ಚೆ ಟಿವಿಯಲ್ಲಿ ನಡೆಯುವ ಹೊತ್ತಿಗೆ ಲ್ಯಾಬಿನಲ್ಲಿ ಯಾರೋ ಬ್ರಶ್ ಹಿಡಿದು ಕೂತಿರುತ್ತಾರೆ.

ಫೋಟೋದಲ್ಲಿ ಕಾಣದ್ದು

ಮೆಮೊರಿ ಉಳಿದರೂ ಅದರಲ್ಲಿ ಕೊನೆಯ ನಿಮಿಷಗಳೇ ಇಲ್ಲದಿರಬಹುದು. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಅಪ್ಪಳಿಸಿದ ಜೇಜು ಏರ್ ವಿಮಾನದ ಎರಡೂ ರೆಕಾರ್ಡರ್ ಸಿಕ್ಕವು. ಡೇಟಾ ರೆಕಾರ್ಡರಿನ ಕನೆಕ್ಟರ್ ಕಿತ್ತುಹೋಗಿದ್ದರಿಂದ ಅದನ್ನು ಅಮೆರಿಕಕ್ಕೆ ಕಳಿಸಿ ಓದಿಸಿದರು. ನೋಡಿದರೆ ಅಪ್ಪಳಿಸುವ ಸುಮಾರು 4 ನಿಮಿಷ ಮೊದಲೇ ಎರಡೂ ನಿಂತಿದ್ದವು. ವಿಮಾನದ ವಿದ್ಯುತ್ ಹೋದರೆ ರೆಕಾರ್ಡರಿಗೆ ಬರೆಯಲು ಏನೂ ಇರುವುದಿಲ್ಲ, ಅದರ ಟೈಟಾನಿಯಂ ಎಷ್ಟೇ ದಪ್ಪವಿರಲಿ. ಹೊಸ ವಿಮಾನಗಳಲ್ಲಿ ಇದಕ್ಕೆಂದೇ ಸುಮಾರು 10 ನಿಮಿಷ ನಡೆಸುವ ಪ್ರತ್ಯೇಕ ಬ್ಯಾಟರಿ ಇರುತ್ತದೆ; 787ರಲ್ಲಿ ಮುಂದಿನ ರೆಕಾರ್ಡರಿಗೆ ಅದು ಇದೆ. ಹಳೆಯ ಅನೇಕ ವಿಮಾನಗಳಲ್ಲಿ ಇಲ್ಲ.

ಆದ್ದರಿಂದ ಫೋಟೋ ನೋಡಿ ಮುಗಿಸಬೇಡಿ. ತನಿಖಾ ಸಂಸ್ಥೆಯ ಹೇಳಿಕೆ ಬಂದಾಗ ರೆಕಾರ್ಡಿಂಗ್ ಯಾವ ಹೊತ್ತಿಗೆ ನಿಂತಿತು ಅನ್ನುವ ಸಾಲನ್ನು ಹುಡುಕಿ. ಸಾಮಾನ್ಯವಾಗಿ ಅದು ಎರಡನೇ ಪುಟದಲ್ಲೋ ಮೂರನೇ ಪುಟದಲ್ಲೋ, ತಲೆಬರಹವಿಲ್ಲದ ಯಾವುದೋ ಪ್ಯಾರಾದಲ್ಲಿ ಇರುತ್ತದೆ.